ಹಬ್ಬದ ಸೋಮಾರಿತನ ಯಾರದು?

ದೀಪಾವಳಿ ಕಳೆಯಿತು. ಬಲೀಂದ್ರನನ್ನು ಕೂಗಿ ಕರೆದದ್ದಾಯಿತು, ಗದ್ದೆಗೆ ದೀಪವಿಟ್ಟದ್ದಾಯಿತು. ಈಗ ಎಲ್ಲ ಕಡೆಯಿಂದಲೂ ಒಂದೇ ಉಪದೇಶ: "ಹಬ್ಬ ಸಾಕು, ಇನ್ನು ಕೆಲಸಕ್ಕೆ ಹತ್ತಿ." ಕಾರ್ಕಳದ ಕಡೆಯ ಗೇರುಬೀಜ ಕಾರ್ಖಾನೆಗಳ ಧಣಿಗಳಂತೂ, ಹಬ್ಬವಾಗಿ ನಾಲ್ಕು ದಿನವಾದರೂ ಹೆಂಗಸರ ಹಾಜರಿ ತುಂಬುವುದಿಲ್ಲ, ಮೈಗೆ ಸೋಮಾರಿತನ ಹಿಡಿದಿದೆ ಎಂದು ದೂರುತ್ತಾರೆ. ಮಣಿಪಾಲದ ಗುಡ್ಡ ಹತ್ತಿ ಕಚೇರಿಗೆ ಹೋಗುವ ವಿದ್ಯಾವಂತರೂ ಅದಕ್ಕೆ ತಲೆಯಾಡಿಸುತ್ತಾರೆ.

ಮಹನೀಯರೇ, ರಜೆಯ ಸೋಮಾರಿತನ ಬರಬೇಕಾದರೆ ಮೊದಲು ರಜೆ ಎಂಬುದೊಂದು ಇರಬೇಕಲ್ಲವೇ?

ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದವನು. ಮೇ ತಿಂಗಳಲ್ಲಿ ಒಂದಕ್ಷರ ಕಲಿಸದಿದ್ದರೂ ಆ ತಿಂಗಳ ಸಂಬಳ ಬರುತ್ತಿತ್ತು. ಯಾರೂ ನನ್ನನ್ನು ಸೋಮಾರಿ ಎನ್ನಲಿಲ್ಲ. ಅದು ನ್ಯಾಯವೇ. ಆದರೆ ಕಿಲೋ ಲೆಕ್ಕದಲ್ಲಿ ಗೇರುಬೀಜದ ಸಿಪ್ಪೆ ತೆಗೆಯುವ ಹೆಂಗಸಿಗೆ ಗೇಟು ಮುಚ್ಚಿದ ದಿನ ಕೂಲಿಯೂ ಇಲ್ಲವಾದರೆ, ಅದು ರಜೆಯಲ್ಲ, ದಂಡ. ಬೀಡಿ ಕಟ್ಟುವವಳ ಪಾಡೂ ಅದೇ. ಹಬ್ಬದ ಖರ್ಚಿಗೆಂದು ಹಿಂದಿನ ವಾರ ದೀಪ ಹಚ್ಚಿಕೊಂಡು ನಡುರಾತ್ರಿಯವರೆಗೆ ಕಟ್ಟುತ್ತಾಳೆ. ಹಬ್ಬ ಕಳೆದು ಗೆರಸೆ ಮಡಿಲಿಗೆ ಎಳೆದುಕೊಂಡರೆ, "ಎಲೆ ಬಂದಿಲ್ಲ, ನಾಡಿದ್ದು ಬಾ" ಎನ್ನುತ್ತಾನೆ ಕಂಟ್ರಾಕ್ಟರ್. ಆ ಎರಡು ದಿನದ ಸೋಮಾರಿತನ ಯಾರ ಲೆಕ್ಕಕ್ಕೆ? ಇನ್ನು ಉಡುಪಿಯ ಹೋಟೆಲಿನಲ್ಲಿ ಎಲೆ ಎತ್ತುವ ಹುಡುಗನಿಗೆ ವಿಟ್ಲಪಿಂಡಿಯೆಂದರೆ ಹುಲಿವೇಷವಲ್ಲ, ದುಪ್ಪಟ್ಟು ಗಿರಾಕಿ.

ಕಾಯಿದೆ ಇಲ್ಲವೆಂದು ತಿಳಿಯಬೇಡಿ. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಬಗ್ಗೆ ನಮ್ಮ ರಾಜ್ಯದಲ್ಲಿ 1963ರಿಂದಲೇ ಕಾಯಿದೆಯಿದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಇವಲ್ಲದೆ ಹಬ್ಬಗಳಿಗೆಂದು ಇನ್ನೂ 5, ಹೀಗೆ ವರ್ಷಕ್ಕೆ 10 ದಿನ ಸಂಬಳ ಸಹಿತ ರಜೆ. ಆ ದಿನ ದುಡಿಸಿಕೊಂಡರೆ ಇಮ್ಮಡಿ ಕೂಲಿ, ಇಲ್ಲವೇ ಅಂದಿನ ಕೂಲಿಯ ಜೊತೆಗೆ ಬದಲಿ ರಜೆ. ಪ್ರತಿಯೊಬ್ಬ ನೌಕರನಿಗೂ ಎನ್ನುತ್ತದೆ ಕಾಯಿದೆ. ತಿಂಗಳ ಸಂಬಳದವನಿಗೆ ಮಾತ್ರ ಎನ್ನುವುದಿಲ್ಲ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರಿಗೂ 20 ದಿನದ ದುಡಿಮೆಗೆ ಒಂದು ದಿನದಂತೆ ಸಂಬಳದ ರಜೆಯನ್ನು 1966ರ ಬೀಡಿ ಕಾಯಿದೆ ಕೊಟ್ಟಿತ್ತು. ಅದೀಗ 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯೊಳಗೆ ಕರಗಿಹೋಗಿದೆ. ಇಷ್ಟು ವರ್ಷಗಳಲ್ಲಿ ಆ ರಜೆಯ ಹಣವನ್ನು ಕೈಯಲ್ಲಿ ಎಣಿಸಿದ ಮನೆಗಳು ನಿಮ್ಮ ಓಣಿಯಲ್ಲಿ ಎಷ್ಟಿವೆ, ನೀವೇ ಕೇಳಿ ನೋಡಿ.

ಇದು ಕೂಲಿಯವರ ಗೋಳು, ನಮಗೇನು ಎಂದು ಅಂಗಡಿಯ ಅಣ್ಣಂದಿರು ಪುಟ ತಿರುಗಿಸಬಾರದು. ಕಾಪುವಿನ ಸುಗ್ಗಿ ಮಾರಿಪೂಜೆಯ ಎರಡು ದಿನ ನಿಮ್ಮಲ್ಲಿಗೆ ನುಗ್ಗಿದ ಜನ ಮುಂದಿನ ವಾರ ಎಲ್ಲಿ ಹೋಗುತ್ತಾರೆ? ಅಲ್ಲೇ ಇರುತ್ತಾರೆ, ನಿಮ್ಮ ಉದ್ರಿ ಪುಸ್ತಕದಲ್ಲಿ! ಧಣಿ ಉಳಿಸಿಕೊಂಡ ರಜೆಯ ಕೂಲಿಯನ್ನು ಅಕ್ಕಿ, ಬೆಲ್ಲ, ತೆಂಗಿನೆಣ್ಣೆಯ ರೂಪದಲ್ಲಿ ನೀವು ಸಾಲ ಕೊಡುತ್ತಿದ್ದೀರಿ, ಅದೂ ಬಡ್ಡಿಯಿಲ್ಲದೆ. ಈ ಊರಿನವರಿಗೆ ದಿನದ ಲೆಕ್ಕ ಹೊಸತಲ್ಲ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿ ಆರಂಭಿಸಿ ಮನೆಮನೆಯಿಂದ ದಿನಕ್ಕೆ ಎರಡಾಣೆ ಎತ್ತಿದರು. ಬಡವನ ಹಣ ದಿನದಿನಕ್ಕೆ ಬರುತ್ತದೆ, ದಿನದಿನಕ್ಕೆ ಹೋಗುತ್ತದೆ ಎಂಬುದನ್ನು ಬ್ಯಾಂಕಿನವರು ಅರಿತಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ದಿನಗೂಲಿಯವನ ಲೆಕ್ಕ ಮಾತ್ರ ಬದಲಾಗಿಲ್ಲ.

ಹಬ್ಬ ಕಳೆದ ಮೇಲೆ ಹೆಂಗಸರು ಗೇಟಿಗೆ ತಡವಾಗಿ ಬರುವುದು ನಿಜವೇ ಇರಬಹುದು. ಒಬ್ಬಳು ಚಿನ್ನ ಅಡವಿಡಲು ಸಹಕಾರಿ ಸಂಘದ ಮೆಟ್ಟಿಲಲ್ಲಿ ನಿಂತಿರುತ್ತಾಳೆ. ಇನ್ನೊಬ್ಬಳು ತವರಿನಿಂದ ಬರಲು ಬಸ್ಸಿನ ಹಣ ಕೇಳುತ್ತಿರುತ್ತಾಳೆ. ಇವರನ್ನು ಸೋಮಾರಿಗಳೆಂದು ಕರೆಯುವ ಬಾಯಿ, ಬೀಗ ಹಾಕಿದ ದಿನದ ಕೂಲಿ ಕೊಟ್ಟೆವೋ ಇಲ್ಲವೋ ಎಂಬುದನ್ನೂ ಹೇಳಲಿ.

ಗೆಳೆಯರೇ, ರಜೆಗಳ ಪಟ್ಟಿ ಕಾರ್ಖಾನೆಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತಿರಬೇಕು. ನಾಳೆ ಕೆಲಸಕ್ಕೆ ಹೋದಾಗ ಅದನ್ನು ಹುಡುಕಿ. ಇದ್ದರೆ, ಆ ದಿನಗಳ ಕೂಲಿ ನಿಮ್ಮ ಚೀಟಿಯಲ್ಲಿ ಬಿದ್ದಿದೆಯೇ ನೋಡಿ. ಇಲ್ಲದಿದ್ದರೆ ಒಬ್ಬರೇ ಹೋಗಿ ಕೇಳಬೇಡಿ, ಹತ್ತು ಮಂದಿ ಸೇರಿ ಕೇಳಿ. ಹಬ್ಬದ ವಾರದ ಕೂಲಿ ಚೀಟಿಯನ್ನು ಬಿಸಾಡದೆ ಯೂನಿಯನ್ ಕಚೇರಿಗೆ ತನ್ನಿ. ಲೇಬರ್ ಇನ್‌ಸ್ಪೆಕ್ಟರರ ಮುಂದಿಡಲು ಅದು ಬೇಕು.