ಎತ್ತರದ ವ್ಯಾನಿಗೊಂದು ಜಗಲಿ

ಅಟ್ಟ ಕಟ್ಟಿಸಿಕೊಂಡ ಮನೆಗೆ ಜಗಲಿಯೂ ಬೇಕೆ? ಬ್ರಿಟನ್ನಿನಲ್ಲಿ ಹೈ-ಟಾಪ್ ಕ್ಯಾಂಪರ್ ವ್ಯಾನ್ ಇಟ್ಟುಕೊಂಡವರು ಬೇಸಿಗೆ ಹತ್ತಿರವಾದಂತೆ ಚರ್ಚಿಸುವ ಪ್ರಶ್ನೆ ಹೆಚ್ಚುಕಡಿಮೆ ಇದೇ. ಫಿಯೆಟ್ ಡುಕಾಟೊ, ಫೋರ್ಡ್ ಟ್ರಾನ್ಸಿಟ್, ಮರ್ಸಿಡಿಸ್ ಸ್ಪ್ರಿಂಟರ್ ಹುಟ್ಟಿದ್ದು ಸಾಮಾನು ಸಾಗಿಸಲು. ಅವುಗಳ ಎತ್ತರದ ಮಾದರಿಯೊಳಗೆ ಹಾಸಿಗೆ, ಒಲೆ, ಫ್ರಿಜ್ ಸೇರಿಸಿದರೆ ಚಿಕ್ಕದೊಂದು ಮನೆಯಾಗುತ್ತದೆ, ಆರಡಿ ಆಳು ತಲೆ ತಗ್ಗಿಸದೆ ನಿಂತು ದೋಸೆ ಹುಯ್ಯಬಹುದು. ಹಳೆಯ ಫೋಕ್ಸ್‌ವ್ಯಾಗನ್‌ಗಳ ತಗಡಿನ ಸೂರು ಕತ್ತರಿಸಿ ಫೈಬರ್‌ಗ್ಲಾಸಿನ ಎತ್ತರದ ಸೂರು ಕೂರಿಸಿದ ವ್ಯಾನುಗಳೂ ಇನ್ನೂ ಓಡಾಡುತ್ತಿವೆ.

ಇವುಗಳ ಪಕ್ಕಕ್ಕೆ ಕಟ್ಟುವ ಡೇರೆಗೆ ಡ್ರೈವ್-ಅವೇ ಆನಿಂಗ್ ಎಂದು ಹೆಸರು. ಕ್ಯಾರವಾನಿಗೆ ಕಟ್ಟುವ ಸಾಮಾನ್ಯ ಆನಿಂಗ್ ಗಾಡಿಯನ್ನೇ ನಾಲ್ಕನೇ ಗೋಡೆ ಮಾಡಿಕೊಂಡಿರುತ್ತದೆ, ಗಾಡಿ ಸರಿದರೆ ಅದು ನಿಲ್ಲುವುದಿಲ್ಲ. ಇದು ಹಾಗಲ್ಲ. ತನ್ನದೇ ಕಂಬಗಳ ಮೇಲೋ ಗಾಳಿ ತುಂಬಿದ ಕೊಳವೆಗಳ ಮೇಲೋ ತಾನೇ ನಿಲ್ಲುತ್ತದೆ. ಡೇರೆಗೂ ವ್ಯಾನಿನ ಸರಿಯುವ ಬಾಗಿಲಿಗೂ ನಡುವೆ ಬಟ್ಟೆಯ ಒಂದು ಓಣಿ. ಬೆಳಿಗ್ಗೆ ಆ ಓಣಿಯನ್ನು ಬಿಡಿಸಿ, ಡೇರೆಯ ಹಿಂಬಾಗಿಲಿಗೆ ಜಿಪ್ ಎಳೆದು, ವ್ಯಾನ್ ಹತ್ತಿ ಹೊರಟುಬಿಡಬಹುದು. ಸಂಜೆ ಬಂದು ಮತ್ತೆ ಜೋಡಿಸಿದರಾಯಿತು.

ಮಾರುವವರ ಮಾತಿನಲ್ಲಿ ಇದರ ಲಾಭ ಎರಡು: ಜಾಗ ಮತ್ತು ತಿರುಗಾಟದ ಸ್ವಾತಂತ್ರ್ಯ. ಎರಡೂ ಸುಳ್ಳಲ್ಲ. ಆದರೆ ಅವು ಹುಟ್ಟಿದ್ದು ಸುಮಾರು ಎರಡು ಮೀಟರ್ ಎತ್ತರದ ಫೋಕ್ಸ್‌ವ್ಯಾಗನ್ ಟ್ರಾನ್ಸ್‌ಪೋರ್ಟರಿನಂಥ ತಗ್ಗು ವ್ಯಾನುಗಳ ಪಕ್ಕದಲ್ಲಿ. ಮೇಲೆತ್ತಬಲ್ಲ ಸೂರನ್ನು ರಾತ್ರಿ ಎತ್ತಿ, ಬೆಳಿಗ್ಗೆ ಇಳಿಸಿ, ಪ್ಯಾಂಟು ಹಾಕಿಕೊಳ್ಳಲೂ ಮಲಗಿಯೇ ಒದ್ದಾಡಬೇಕಾದವರಿಗೆ ಹೊರಗೆ ನಿಲ್ಲಲು ಒಂದು ಕೋಣೆ ಸಿಕ್ಕಿದರೆ ಅದು ದೊಡ್ಡ ಉಪಕಾರ. ಎತ್ತರದ ವ್ಯಾನಿನವರು ಅದೇ ಸೌಕರ್ಯಕ್ಕೆ ಮೊದಲೇ ದುಡ್ಡು ಕೊಟ್ಟಿದ್ದಾರೆ.

ಸ್ವಾತಂತ್ರ್ಯದ ಮಾತೂ ಇಲ್ಲಿ ಸ್ವಲ್ಪ ತೆಳುವಾಗುತ್ತದೆ. ಡುಕಾಟೊದ ಎಚ್2 ಮಾದರಿಯ ಎತ್ತರ ಸುಮಾರು 2.52 ಮೀಟರ್. ಬ್ರಿಟನ್ನಿನ ಎಷ್ಟೋ ಊರುಗಳ ಕಾರ್ ಪಾರ್ಕಿನ ಬಾಗಿಲಲ್ಲಿ ಎರಡು ಮೀಟರಿನ ಆಸುಪಾಸಿಗೆ ಅಡ್ಡಪಟ್ಟಿ ಇರುತ್ತದೆ. ತಗ್ಗು ವ್ಯಾನಿನವರು ಡೇರೆ ಬಿಟ್ಟು ಊರಿಗೆ ಹೋಗಿ, ತರಕಾರಿ ಕೊಂಡು, ಕಾಫಿ ಕುಡಿದು ಬರುತ್ತಾರೆ. ಎತ್ತರದ ವ್ಯಾನಿನವರು ಅಡ್ಡಪಟ್ಟಿಯ ಮುಂದೆ ನಿಂತು, ಹಿಂದಿನ ಕಾರುಗಳ ಹಾರ್ನ್ ಕೇಳಿಸಿಕೊಂಡು, ರಿವರ್ಸ್ ಹಾಕುತ್ತಾರೆ. ಕೊನೆಗೆ ಬಹಳ ಮಂದಿ ವ್ಯಾನನ್ನು ಕ್ಯಾಂಪಿನಲ್ಲೇ ಬಿಟ್ಟು ಬಸ್ಸನ್ನೋ ಸೈಕಲನ್ನೋ ನೆಚ್ಚಿಕೊಳ್ಳುತ್ತಾರೆ. ಹೊರಡದ ವ್ಯಾನಿಗೆ ‘ಹೊರಟುಹೋಗಬಲ್ಲ’ ಡೇರೆ ಏಕೆ ಎಂದು ಕೇಳುವವರ ಬಾಯಿ ಮುಚ್ಚಿಸುವುದು ಕಷ್ಟ. ಹಾಗೆಂದು ಬ್ರಿಟನ್ನೆಲ್ಲ ಅಡ್ಡಪಟ್ಟಿಯೇ ಅಲ್ಲ. ಬೆಟ್ಟದ ಬುಡಕ್ಕೆ, ಕಡಲ ತೀರಕ್ಕೆ ದಿನವೂ ಹೋಗುವವರಿಗೆ ವ್ಯಾನ್ ಹೊರಡಲೇಬೇಕು, ಆಗ ಡೇರೆ ಜಾಗ ಕಾಯುತ್ತದೆ.

ಇಲ್ಲಿಗೇ ನಿಲ್ಲಿಸಿದರೆ ತೀರ್ಪು ಡೇರೆಯ ವಿರುದ್ಧ ಎಂದಾಯಿತು. ಆದರೆ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲ. ಲೇಕ್ ಡಿಸ್ಟ್ರಿಕ್ಟಿನ ಬಾರೊಡೇಲ್ ಕಣಿವೆಯಲ್ಲಿರುವ ಸೀಥ್ವೇಟ್ ಎಂಬ ಹಳ್ಳಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ. ಮಲೆನಾಡಿನವರಿಗೆ ಇದು ಬೆಚ್ಚುವ ಅಂಕಿಯಲ್ಲ, ಆದರೆ ನಮ್ಮದು ನಾಲ್ಕು ತಿಂಗಳು ಸುರಿದು ಮುಗಿಸುವ ಮಳೆ, ಅಲ್ಲಿಯದು ವರ್ಷವಿಡೀ ಹಂಚಿಕೊಂಡು ಬರುವ ಮಳೆ. ಜುಲೈಯಲ್ಲೂ ಎರಡು ದಿನ ಬಿಡದೆ ಸುರಿಯುವುದುಂಟು. ಆಗ ವ್ಯಾನಿನೊಳಗಿನ ಎತ್ತರ ಯಾವ ಉಪಯೋಗಕ್ಕೂ ಬರುವುದಿಲ್ಲ. ಕೊರತೆ ಇರುವುದು ನೆಲದ್ದು. ಕೆಸರು ಮೆತ್ತಿದ ನಾಲ್ಕು ಜೊತೆ ಬೂಟು, ನೀರಿಳಿಯುವ ಜರ್ಕಿನ್ನುಗಳು, ಒದ್ದೆ ನಾಯಿ ಇದ್ದರೆ ಅದೂ, ಇವೆಲ್ಲ ಎಲ್ಲಿ ಹೋಗಬೇಕು?

ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಊರಿನಿಂದ ಅಪ್ಪ-ಅಮ್ಮ ಬರುವುದು ಬೇಸಿಗೆಯಲ್ಲೇ, ಸಂದರ್ಶಕರ ವೀಸಾದ ಆರು ತಿಂಗಳ ಮಿತಿಯೊಳಗೆ. ಅವರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಬಾಡಿಗೆ ವ್ಯಾನಿನಲ್ಲಿ ಸ್ಕಾಟ್ಲೆಂಡ್ ನೋಡಲು ಹೊರಟರೆ, ಒಳಗೆ ಒಬ್ಬರು ಎದ್ದರೆ ಉಳಿದವರೆಲ್ಲ ಏಳಬೇಕು. “ಅಮ್ಮ, ಸ್ವಲ್ಪ ಕಾಲು ಮೇಲೆ ತಗೋ, ಫ್ರಿಜ್ ತೆಗೀಬೇಕು.” ಅಮ್ಮ ಕಾಲು ಮೇಲೆ ತೆಗೆದುಕೊಳ್ಳುತ್ತಾರೆ, ಮಂಡಿ ನೋವನ್ನು ಹೇಳುವುದಿಲ್ಲ. ಒಂದು ಕುರ್ಚಿ ಹಾಕಿ ಕೂತು, ಮಳೆ ನೋಡುತ್ತ, ಯಾರ ದಾರಿಗೂ ಅಡ್ಡವಾಗದೆ ಇರಲು ಅವರಿಗೊಂದು ಜಾಗ ಬೇಕು. ಇಂಥ ಕುಟುಂಬಕ್ಕೆ ಆ ಡೇರೆ ಐಷಾರಾಮವೆಂದು ನನಗನಿಸುವುದಿಲ್ಲ.

ಒಗ್ಗರಣೆಯ ಘಾಟು ಹಾಸಿಗೆಗೆ ಹಿಡಿಯದಿರಲೆಂದು ಒಲೆಯನ್ನೂ ಡೇರೆಗೆ ಸಾಗಿಸುವ ಆಸೆ ಸಹಜ. ಅಲ್ಲಿ ಎಚ್ಚರ ಬೇಕು. ಡೇರೆಯ ಬಟ್ಟೆಗೆ ಬೆಂಕಿ ತಗಲಿದರೆ ಓಡಲೂ ಸಮಯವಿರುವುದಿಲ್ಲ. ಇದ್ದಿಲಿನ ಬಾರ್ಬೆಕ್ಯೂ ಅದಕ್ಕಿಂತ ಅಪಾಯ: ಆರಿತೆಂದು ಕಂಡ ಮೇಲೂ ಬಹಳ ಹೊತ್ತು ಕಾರ್ಬನ್ ಮಾನಾಕ್ಸೈಡ್ ಬಿಡುತ್ತಿರುತ್ತದೆ. ಚಳಿಯೆಂದು ಅದನ್ನು ಒಳಗಿಟ್ಟುಕೊಂಡು ಮಲಗಿದವರು ಬ್ರಿಟನ್ನಿನ ಕ್ಯಾಂಪುಗಳಲ್ಲಿ ಸತ್ತಿದ್ದಾರೆ. ವಾಸನೆಯಿಲ್ಲದ ಅನಿಲ ಅದು. ಓಣಿಯ ಮೂಲಕ ಡೇರೆಯೂ ವ್ಯಾನೂ ಒಂದೇ ಕೋಣೆಯಾಗಿರುವಾಗ ಡೇರೆಯ ಗಾಳಿ ಹಾಸಿಗೆಯ ತನಕ ಬರುತ್ತದೆ.

ಇನ್ನು ಕಟ್ಟುವ ಕೆಲಸ. ಪರ-ವಿರೋಧದ ಅರ್ಧ ಜಗಳ ತೀರ್ಮಾನವಾಗುವುದು ಇಲ್ಲೇ, ವ್ಯಾನಿನ ಸೂರಿನ ಅಂಚಿನಲ್ಲಿ. 1979ರಿಂದ ಬಂದ ಫೋಕ್ಸ್‌ವ್ಯಾಗನ್ ಟಿ25ರಂಥ ಹಳೆಯ ವ್ಯಾನುಗಳಿಗೆ ಮಳೆನೀರು ಹರಿದುಹೋಗಲು ಸೂರಿನ ಸುತ್ತ ತಗಡಿನ ಗಟರ್ ಇತ್ತು. ಡೇರೆಯ ಓಣಿಯ ತುದಿಯಲ್ಲಿ ಹೊಲಿದಿರುವ, ಸಾಮಾನ್ಯವಾಗಿ 6 ಮಿ.ಮೀ. ದಪ್ಪದ ಉರುಟು ಅಂಚನ್ನು ಒಂದು ಪ್ಲಾಸ್ಟಿಕ್ ಪಟ್ಟಿಗೆ ಪೋಣಿಸಿ, ಆ ಪಟ್ಟಿಯನ್ನು ಗಟರಿಗೆ ಕ್ಲಿಪ್ಪುಗಳಿಂದ ಕಚ್ಚಿಸಿದರೆ ಮುಗಿಯಿತು. ಮೇಲೆ ಫೈಬರ್‌ಗ್ಲಾಸಿನ ಸೂರು ಎಷ್ಟೇ ಎತ್ತರಕ್ಕೆ ಹೋಗಿರಲಿ, ಗಟರ್ ಹಳೆಯ ಎತ್ತರದಲ್ಲೇ ಇರುತ್ತದೆ. ಹಾಗಾಗಿ ಇಂಥ ಹೈ-ಟಾಪಿಗೆ ತಗ್ಗು ವ್ಯಾನಿನ ಡೇರೆಯೇ ಸರಿಹೊಂದುತ್ತದೆ. ಇದು ತಿಳಿಯದೆ ‘ನಮ್ಮದು ಎತ್ತರದ ವ್ಯಾನ್’ ಎಂದು ದೊಡ್ಡ ಅಳತೆಯದನ್ನು ಕೊಂಡವರ ಓಣಿ ಮಧ್ಯದಲ್ಲಿ ಜೋತುಬಿದ್ದು ನೀರು ತುಂಬಿಕೊಳ್ಳುತ್ತದೆ. ತೊಡಕು ಬರುವುದು ಎತ್ತರದ ಸೂರು ಕೂರಿಸಿದವರು ಗಟರನ್ನೇ ಮುಚ್ಚಿಬಿಟ್ಟಿದ್ದರೆ. ಆಗ ಕ್ಲಿಪ್ಪಿಗೆ ಹಿಡಿತವಿಲ್ಲ.

ಹೊಸ ವ್ಯಾನುಗಳ ಅಂಚು ನುಣುಪು. ಅವುಗಳಿಗೆ ಉದ್ದದ ರೇಲ್ ಒಂದನ್ನು ಅಂಟಿಸಬೇಕು ಇಲ್ಲವೇ ಸ್ಕ್ರೂ ಹೊಡೆಯಬೇಕು. ಸುತ್ತಿಬಿಚ್ಚುವ ನೆರಳುಪಟ ಮೊದಲೇ ಇದ್ದರೆ ಅದರ ಪೆಟ್ಟಿಗೆಯಲ್ಲಿರುವ ಸೀಳನ್ನೇ ಬಳಸಬಹುದು. ಅಲ್ಲಿ ಬೇಕಾಗುವುದು ಹೆಚ್ಚಾಗಿ 4 ಮಿ.ಮೀ. ಅಂಚು. ಈ 6ಕ್ಕೂ 4ಕ್ಕೂ ಸಂಧಿ ಮಾಡಿಸಲು, ಎರಡು ಸೀಳುಗಳಿರುವ, ಅಡ್ಡಕೊಯ್ದರೆ ಇಂಗ್ಲಿಷಿನ 8ರಂತೆ ಕಾಣುವ ಪಟ್ಟಿ ಸಿಗುತ್ತದೆ. ಇಡೀ ಉದ್ದ ಒಂದೇ ತುಂಡಾಗಿ ಎಳೆಯುವುದು ಇಬ್ಬರಿಗೂ ಬೆವರಿಳಿಸುವ ಕೆಲಸ, ಅದಕ್ಕೇ ಪಳಗಿದವರು ಕತ್ತರಿಸಿ ಎರಡು ಮೂರು ತುಂಡು ಮಾಡಿಕೊಳ್ಳುತ್ತಾರೆ. ತಗ್ಗು ವ್ಯಾನಿನಲ್ಲಿ ಇದೆಲ್ಲ ಕೈಗೆಟಕುವ ಎತ್ತರದಲ್ಲಿ ನಡೆಯುತ್ತದೆ. ಎರಡೂವರೆ ಮೀಟರಿನ ಸೂರಿಗೆ ಏಣಿ ಬೇಕು, ಆ ಏಣಿ ಇಡಲು ವ್ಯಾನಿನಲ್ಲಿ ಜಾಗವೂ ಬೇಕು.

ರೇಲ್ ಬೇಡವೆನ್ನುವವರು ಓಣಿಯ ಪಟ್ಟಿಗಳನ್ನು ಸೂರಿನ ಮೇಲಿಂದ ಎಸೆದು ಆಚೆ ಬದಿಯಲ್ಲಿ ಗೂಟಕ್ಕೆ ಕಟ್ಟುತ್ತಾರೆ. ತಗ್ಗು ವ್ಯಾನಿಗೆ ಇದು ಸುಲಭದ ದಾರಿ. ಹೈ-ಟಾಪಿನಲ್ಲಿ ಪಟ್ಟಿ ಉದ್ದ ಸಾಲುವುದಿಲ್ಲ, ಸಾಲಿದರೂ ಸೌರ ಫಲಕಕ್ಕೋ ಗಾಳಿಕಿಂಡಿಗೋ ಸಿಕ್ಕಿಕೊಳ್ಳುತ್ತದೆ, ರಾತ್ರಿಯಿಡೀ ಪಟಪಟ ಹೊಡೆದುಕೊಳ್ಳುತ್ತದೆ. ಅಯಸ್ಕಾಂತದ ಪಟ್ಟಿಗಳು ಅಂದವಾಗಿ ಕಾಣುತ್ತವೆ, ಆದರೆ ಅವು ಹಿಡಿಯುವುದು ಉಕ್ಕನ್ನು. ಫೈಬರ್‌ಗ್ಲಾಸಿನ ಸೂರಿನ ಮೇಲೆ ಅವು ಬರೀ ಭಾರ. ನನ್ನನ್ನು ಕೇಳಿದರೆ, ಎತ್ತರದ ವ್ಯಾನಿಗೆ ಡೇರೆ ಕಟ್ಟಲು ನಿರ್ಧರಿಸಿದವರು ರೇಲಿನ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಕಟ್ಟಿದ ಮೇಲೂ ಎತ್ತರ ತನ್ನ ಬಾಡಿಗೆ ಕೇಳುತ್ತದೆ. ಓಣಿ ಎತ್ತರವಾದಷ್ಟೂ ಬಟ್ಟೆ ಹೆಚ್ಚು, ಬಟ್ಟೆ ಹೆಚ್ಚಿದಷ್ಟೂ ಗಾಳಿಗೆ ಹಿಡಿತ ಹೆಚ್ಚು. ಕಾರ್ನ್‌ವಾಲಿನ ಕಡಲಂಚಿನಲ್ಲಿ ನೈಋತ್ಯದ ಗಾಳಿ ಎದ್ದಾಗ ವ್ಯಾನ್ ಪಕ್ಕದಲ್ಲಿದ್ದರೆ ಅದೇ ಲಂಗರು. ವ್ಯಾನ್ ಊರಿಗೆ ಹೋಗಿದ್ದರೆ ಡೇರೆಯ ಹಿಂಬದಿಯ ಗೂಟಗಳೇ ಗತಿ, ಬೆಳಿಗ್ಗೆ ಹೊರಡುವ ಅವಸರದಲ್ಲಿ ಮರೆತುಹೋಗುವುದೂ ಆ ಗೂಟಗಳೇ. ವಾಪಸು ಬಂದು ನಿಲ್ಲಿಸುವುದು ಇನ್ನೊಂದು ಕಲೆ. ಒಂದಡಿ ಓರೆಯಾದರೂ ಓಣಿ ಸೆಟೆದುಕೊಳ್ಳುತ್ತದೆ ಅಥವಾ ಸುಕ್ಕಾಗುತ್ತದೆ. ಹೊರಡುವ ಮುಂಚೆ ಚಕ್ರದ ಪಕ್ಕಕ್ಕೆ ಎರಡು ಗೂಟ ಹೊಡೆದು ಗುರುತು ಮಾಡಿಕೊಳ್ಳುವುದು ಜಾಣತನ, ಆದರೆ ಗಂಡ ಸ್ಟಿಯರಿಂಗ್ ಹಿಡಿದು ಹೆಂಡತಿ ಕೈ ಬೀಸುವ ಆ ಐದು ನಿಮಿಷದ ಸಂಸಾರ ಯಾವ ಗುರುತಿನಿಂದಲೂ ತಪ್ಪುವುದಿಲ್ಲ.

ಖರ್ಚಿನ ಮಾತು ಚಿಕ್ಕದು: ಸಾಧಾರಣದ್ದು ಮುನ್ನೂರು ಪೌಂಡಿನ ಆಸುಪಾಸು, ಗಾಳಿ ಕೊಳವೆಯ ಒಳ್ಳೆಯದು ಸಾವಿರ ದಾಟುತ್ತದೆ. ಭಾರ ಇಪ್ಪತ್ತು ಕಿಲೋ ಆದರೂ ಆಶ್ಚರ್ಯವಿಲ್ಲ. ಒಟ್ಟು ತೂಕ 3500 ಕಿಲೋ ಮೀರಬಾರದೆಂಬ ಮಿತಿಗೆ ಮೊದಲೇ ಹತ್ತಿರವಿರುವ ವ್ಯಾನಿಗೆ ಇದೂ ಸೇರುತ್ತದೆ. ಇವೆರಡಕ್ಕಿಂತ ಕಾಡುವುದು ಕೊನೆಯ ದಿನ. ಒದ್ದೆ ಡೇರೆಯನ್ನು ಮಡಚಿ ತಂದು ಬಿಚ್ಚದಿದ್ದರೆ ವಾರದೊಳಗೆ ಬೂಷ್ಟು. ಹಿತ್ತಲಿರುವವರು ಹಗ್ಗಕ್ಕೆ ಹಾಕಿ ಒಣಗಿಸಿಯಾರು, ಲಂಡನ್ನಿನ ಮೂರನೇ ಮಹಡಿಯ ಫ್ಲ್ಯಾಟಿನವರು ಸ್ನಾನದ ಮನೆಯಲ್ಲಿ ಅದನ್ನು ಹರಡಿ ಎಷ್ಟು ದಿನ ಸ್ನಾನ ಬಿಟ್ಟಾರು?

ಎಲ್ಲಿ ತಂಗುತ್ತೀರಿ ಎಂಬುದೂ ತಕ್ಕಡಿ ವಾಲಿಸುತ್ತದೆ. ಬ್ರಿಟನ್ನಿನ ಕ್ಯಾಂಪುಗಳಲ್ಲಿ ಎರಡು ಗಾಡಿಗಳ ನಡುವೆ 6 ಮೀಟರ್, ಆನಿಂಗ್ ಹಾಕಿದರೂ 3 ಮೀಟರ್ ಬಯಲು ಉಳಿಯಬೇಕೆಂಬ ಬೆಂಕಿ ಸುರಕ್ಷತೆಯ ಕ್ರಮ ರೂಢಿಯಲ್ಲಿದೆ. ಆನಿಂಗಿಗೆ ಬೇರೆ ಶುಲ್ಕ ಕೇಳುವ ಕಡೆಗಳೂ ಇವೆ. ಫ್ರಾನ್ಸಿನ ‘ಏರ್’ಗಳಲ್ಲಿ, ಅಂದರೆ ಕ್ಯಾಂಪರ್ ವ್ಯಾನುಗಳಿಗೆಂದೇ ಇರುವ ಅಗ್ಗದ ರಾತ್ರಿ ತಂಗುದಾಣಗಳಲ್ಲಿ, ಸಾಮಾನ್ಯವಾಗಿ ಕುರ್ಚಿ, ಡೇರೆ ಹರಡುವಂತಿಲ್ಲ. ಅಲ್ಲಿಯದು ನಿಲುಗಡೆ, ಬಿಡಾರವಲ್ಲ. ರಾತ್ರಿಗೊಂದು ಊರು ಎಂದು ಹೋಗುವ ಜೋಡಿಗೆ ಡೇರೆ ಇಡೀ ರಜೆಯಲ್ಲಿ ಚೀಲದಿಂದ ಹೊರಬರುವುದೇ ಇಲ್ಲ. ಜರ್ಮನಿಯಿಂದ ಹಳೆಯ ವ್ಯಾನ್ ತರಿಸಿಕೊಂಡವರಿಗೆ ಮತ್ತೊಂದು ತಿರುವು: ಅದರ ಸರಿಯುವ ಬಾಗಿಲು ಬಲಕ್ಕೆ, ಬ್ರಿಟನ್ನಿನ ವ್ಯಾನುಗಳದ್ದು ಹೆಚ್ಚಾಗಿ ಎಡಕ್ಕೆ. ಕ್ಯಾಂಪಿನ ಜಾಗಗಳು ಎಡಬಾಗಿಲನ್ನು ನೆನೆದು ಗುರುತಿಸಿದ್ದಾದರೆ ಡೇರೆ ಪಕ್ಕದವರ ಮುಖಕ್ಕೆ ತೆರೆದುಕೊಳ್ಳುತ್ತದೆ.

ನನ್ನ ಒಲವು ಮುಚ್ಚಿಡುವಂಥದ್ದೇನಲ್ಲ. ಇಬ್ಬರೇ ಇದ್ದು ಊರೂರು ಅಲೆಯುವವರಿಗೆ ಸುತ್ತಿಬಿಚ್ಚುವ ನೆರಳುಪಟ ಸಾಕು, ಬೂಟು-ಬಕೆಟ್ಟುಗಳಿಗೆ ಪಕ್ಕದಲ್ಲೊಂದು ಪುಟ್ಟ ಡೇರೆ ಹೊಡೆದರೆ ಸಾಕು. ಅದನ್ನು ಯಾವ ಅಂಚಿಗೂ ಪೋಣಿಸಬೇಕಾಗಿಲ್ಲ. ಒಂದೇ ಕಡೆ ವಾರ ನಿಲ್ಲುವ, ಹಿರಿಯರೋ ಮಕ್ಕಳೋ ಜೊತೆಗಿರುವ ಮನೆಯವರು ಮೇಲಿನ ತೊಂದರೆಗಳನ್ನೆಲ್ಲ ಓದಿದ ಮೇಲೂ ಡೇರೆ ಕೊಳ್ಳುವುದೇ ಸರಿ ಎಂದು ನನ್ನ ಎಣಿಕೆ. ಅಂಥವರು ಅಂಗಡಿಗೆ ಹೋಗುವ ಮುನ್ನ ವ್ಯಾನಿಗೆ ಸಾಮಾನು ತುಂಬಿಸಿ, ಸಮನೆಲದಲ್ಲಿ ನಿಲ್ಲಿಸಿ, ಟೇಪು ಹಿಡಿದು ನೆಲದಿಂದ ಗಟರಿನವರೆಗೆ ಅಥವಾ ರೇಲಿನವರೆಗೆ ಅಳೆಯಲಿ, ಸೂರಿನ ನೆತ್ತಿಯವರೆಗೆ ಅಲ್ಲ. ಪೆಟ್ಟಿಗೆಯ ಮೇಲೆ ‘ತಗ್ಗು’ ಎಂದಿದ್ದರೆ ಅದು ಸುಮಾರು 180ರಿಂದ 210 ಸೆಂ.ಮೀ. ಎತ್ತರದ ಜೋಡಣೆಗೆ, ‘ಎತ್ತರ’ ಎಂದಿದ್ದರೆ ಹೆಚ್ಚಾಗಿ 240ರ ಆಚೆಗೆ. ತಯಾರಕರಿಂದ ತಯಾರಕರಿಗೆ ಅಂಕಿ ಅಷ್ಟಿಷ್ಟು ಬದಲಾಗುತ್ತದೆ. ಟೇಪಿನ ಅಳತೆ ಈ ಎರಡರ ನಡುವೆ ಬಿದ್ದರೆ ಮಧ್ಯದ ಅಳತೆ ಮಾಡುವವರನ್ನು ಹುಡುಕಬೇಕು.