ಗಣಕದ ಉತ್ತರಕ್ಕೆ ಆವೃತ್ತಿಯ ಗುರುತು ಬೇಕು

ಅಳತೆಯೊಂದನ್ನು ಹೇಳುವಾಗ ಅದರ ಮಾನವನ್ನು ಹೇಳದೆ ಬಿಡಬಾರದೆಂಬುದು ಭೌತವಿಜ್ಞಾನದ ಮೊದಲನೆಯ ಪಾಠ. ದಂಡದ ಉದ್ದ 12 ಎಂದು ಬರೆದರೆ ಪ್ರಯೋಜನವೇನು? ಅದು ಸೆಂಟಿಮೀಟರೋ ಅಂಗುಲವೋ ತಿಳಿದಾಗಲೇ ಆ ಸಂಖ್ಯೆಗೆ ಬೆಲೆ. ಗಣಕಯಂತ್ರದಿಂದ ಪಡೆದ ಉತ್ತರಕ್ಕೂ ಇಂಥದೇ ಒಂದು ನಿಯಮವಿರಬೇಕೆಂದು ನನ್ನ ಅಭಿಪ್ರಾಯ. ಕ್ರಮವಿಧಿಯನ್ನು, ಅಂದರೆ ಪ್ರೋಗ್ರಾಮನ್ನು, ಯಾವ ಭಾಷೆಯಲ್ಲಿ ಬರೆದೆವೆಂದು ತಿಳಿಸಿದರೆ ಸಾಲದು. ಆ ಭಾಷೆಯ ಯಾವ ಆವೃತ್ತಿ ಅದನ್ನು ಓದಿ ನಡೆಸಿತೆಂಬುದನ್ನೂ ತಿಳಿಸಬೇಕು.

ಇದು ಕೇವಲ ಶಿಸ್ತಿನ ಮಾತಲ್ಲವೆಂಬುದಕ್ಕೆ ಪೈಥಾನ್ ಭಾಷೆಯೇ ಸಾಕ್ಷಿ. ನೆದರ್ಲೆಂಡ್ಸ್ ದೇಶದ ಗೀಡೋ ವಾನ್ ರಾಸಮ್ ಅವರು 1991ರಲ್ಲಿ ಲೋಕಕ್ಕಿತ್ತ ಈ ಭಾಷೆ ಇಂದು ವಿಜ್ಞಾನದ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. 2008ರ ಡಿಸೆಂಬರಿನಲ್ಲಿ ಇದರ 3ನೆಯ ಆವೃತ್ತಿ ಹೊರಬಂದಾಗ, ಹಿಂದಿನ ಕೆಲವು ದೋಷಗಳನ್ನು ತಿದ್ದುವ ಸಲುವಾಗಿ, ಅದನ್ನು 2ನೆಯ ಆವೃತ್ತಿಯೊಡನೆ ಪೂರ್ಣವಾಗಿ ಹೊಂದಿಕೊಳ್ಳದಂತೆ ಉದ್ದೇಶಪೂರ್ವಕವಾಗಿಯೇ ರಚಿಸಲಾಯಿತು. ಪರಿಣಾಮವನ್ನು ನೋಡಿ. 2 ಕಿಲೋಗ್ರಾಂ ತೂಗುವ ಕಾಯವೊಂದು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಚಲಿಸುತ್ತಿದೆ. ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಅದರ ಚಲನಶಕ್ತಿ 9 ಜೂಲ್. ಸೂತ್ರದ ಅರ್ಧವನ್ನು ವಿದ್ಯಾರ್ಥಿಯು 1 ಭಾಗಿಸು 2 ಎಂದೇ ಬರೆದನೆನ್ನೋಣ. 3ನೆಯ ಆವೃತ್ತಿ 9 ಎಂದು ಸರಿಯಾಗಿ ಹೇಳುತ್ತದೆ. 2ನೆಯ ಆವೃತ್ತಿಯಾದರೋ, ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದಾಗ ಭಿನ್ನಾಂಶವನ್ನು ಬಿಟ್ಟುಬಿಡುತ್ತದೆ. ಅದರ ಲೆಕ್ಕದಲ್ಲಿ ಅರ್ಧವೆಂದರೆ ಸೊನ್ನೆ. ಆದುದರಿಂದ ಚಲನಶಕ್ತಿಯೂ ಸೊನ್ನೆ! ಕ್ರಮವಿಧಿಯಲ್ಲಿ ಒಂದಕ್ಷರವೂ ಬದಲಾಗಿಲ್ಲ, ಯಂತ್ರ ಯಾವ ದೋಷವನ್ನೂ ವರದಿ ಮಾಡಲಿಲ್ಲ. ಆದರೂ ಉತ್ತರ ಬೇರೆ. ಸೊನ್ನೆಯನ್ನು ಕಂಡಾಗ ನಾವು ಎಚ್ಚರಗೊಳ್ಳಬಹುದು. ದೀರ್ಘವಾದ ಲೆಕ್ಕದ ನಡುವೆ ಇಂಥ ಸೊನ್ನೆಯೊಂದು ಅಡಗಿ ಕುಳಿತರೆ ಯಾರು ಕಂಡಾರು?

ಕನ್ನಡಿಗರಿಗೆ ಹತ್ತಿರದ ಉದಾಹರಣೆಯೂ ಉಂಟು. ಈಗ ಸಾಮಾನ್ಯವಾಗಿ ಬಳಕೆಯಲ್ಲಿರುವ ಯೂನಿಕೋಡ್ ಸಂಗ್ರಹವಿಧಾನದಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ 3 ಬೈಟುಗಳು ಬೇಕು. ‘ಕನ್ನಡ’ ಎಂಬ ಮಾತಿನ ಉದ್ದವೆಷ್ಟೆಂದು ಹಳೆಯ ಪೈಥಾನನ್ನು ನೇರವಾಗಿ ಕೇಳಿದರೆ ಅದು ಬೈಟುಗಳನ್ನು ಎಣಿಸಿ 15 ಎನ್ನುತ್ತದೆ. ಹೊಸದು ಚಿಹ್ನೆಗಳನ್ನೆಣಿಸಿ 5 ಎನ್ನುತ್ತದೆ: ಕ, ನ, ಒತ್ತಕ್ಷರವನ್ನುಂಟುಮಾಡುವ ಗುರುತು, ಮತ್ತೊಂದು ನ, ಕಡೆಗೆ ಡ. ನಮ್ಮ ಕಣ್ಣಿಗೆ ಕಾಣುವ ಅಕ್ಷರಗಳಾದರೋ ಮೂರೇ. ಹಳೆಯ ಎಣಿಕೆಯನ್ನು ನಂಬಿ ಮಾತನ್ನು ನಾಲ್ಕನೆಯ ಸ್ಥಾನದಲ್ಲಿ ಕತ್ತರಿಸಿದವನಿಗೆ ಅಕ್ಷರವೇ ಒಡೆದುಹೋಗುತ್ತದೆ.

ಹಾಗಾದರೆ ಹಳೆಯದನ್ನು ಕಿತ್ತೊಗೆದು ಹೊಸದನ್ನು ಸ್ಥಾಪಿಸಬಾರದೇಕೆ ಎಂದು ವಾಚಕರು ಕೇಳಬಹುದು. ಒಬ್ಬನೇ ಬಳಸುವ ಗಣಕದಲ್ಲಿ ಅದು ಸಾಧ್ಯವಾದೀತು. ಹಲವರಿಗೆ ಏಕಕಾಲದಲ್ಲಿ ಸೇವೆ ಸಲ್ಲಿಸುವ ಸರ್ವರ್ ಗಣಕದಲ್ಲಿ ಹಾಗೆ ಮಾಡುವುದು ಅಪಾಯ. ಅಲ್ಲಿ ಯಂತ್ರದ ಆಡಳಿತವೇ ಒಂದು ನಿರ್ದಿಷ್ಟ ಆವೃತ್ತಿಯನ್ನು ನೆಚ್ಚಿಕೊಂಡಿರಬಹುದು. 2014ರಲ್ಲಿ ಹೊರಬಂದ ಸೆಂಟ್‌ಓಎಸ್ 7 ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ ತಂತ್ರಾಂಶಗಳನ್ನು ಸ್ಥಾಪಿಸುವ ‘ಯಮ್’ ಎಂಬ ಸಾಧನವನ್ನು ಪೈಥಾನಿನ 2ನೆಯ ಆವೃತ್ತಿಯಲ್ಲಿ ಬರೆಯಲಾಗಿತ್ತು. ‘ಪೈಥಾನ್’ ಎಂಬ ಹೆಸರು 3ನೆಯದನ್ನು ಸೂಚಿಸುವಂತೆ ಯಾರಾದರೂ ಬದಲಾಯಿಸಿದರೆ ಯಮ್ ಎಡವಿ ನಿಂತುಬಿಡುತ್ತಿತ್ತು. ದುರಸ್ತಿಗೆ ಬೇಕಾದ ಉಪಕರಣವೇ ಮುರಿದ ಮೇಲೆ ದುರಸ್ತಿ ಹೇಗೆ? 2023ರಲ್ಲಿ ಬಂದ ಡೆಬಿಯನ್ 12ರಲ್ಲಿ, ವ್ಯವಸ್ಥೆಗೆ ಸೇರಿದ ಪೈಥಾನಿನೊಳಕ್ಕೆ ‘ಪಿಪ್’ ಸಾಧನದಿಂದ ಹೊರಗಿನ ಗ್ರಂಥಾಲಯಗಳನ್ನು ತುರುಕಲು ಹೋದರೆ ಅದು ಸಾಮಾನ್ಯವಾಗಿ ನಿರಾಕರಿಸುತ್ತದೆ. ಇದನ್ನು ಕಿರುಕುಳವೆಂದು ಬಗೆಯಲಾಗದು. ಅನುಭವದಿಂದ ಹುಟ್ಟಿದ ವಿವೇಕವಿದು.

ಸರಿಯಾದ ಮಾರ್ಗವೆಂದರೆ ಪ್ರತ್ಯೇಕತೆ. ‘ಪೈಥಾನ್’ ಎಂಬುದು ಗಣಕಕ್ಕೆ ಬರಿಯ ಒಂದು ಹೆಸರು. ಆ ಹೆಸರನ್ನು ಹೇಳಿದಾಗ ಅದು ಕೆಲವು ಕಡತಕೋಶಗಳನ್ನು ಗೊತ್ತಾದ ಕ್ರಮದಲ್ಲಿ ಹುಡುಕುತ್ತಾ ಹೋಗಿ, ಮೊದಲು ಸಿಕ್ಕಿದುದನ್ನು ನಡೆಸುತ್ತದೆ. ಆದುದರಿಂದ ಬೇರೆ ಬೇರೆ ಆವೃತ್ತಿಗಳನ್ನು ಬೇರೆ ಬೇರೆ ಕೋಶಗಳಲ್ಲಿಟ್ಟರೆ ಅವು ಒಂದನ್ನೊಂದು ಮುಟ್ಟುವುದಿಲ್ಲ. ಹುಡುಕುವ ಕ್ರಮವನ್ನು ಬದಲಾಯಿಸಿದರೆ ಬೇಕಾದುದು ದೊರೆಯುತ್ತದೆ. ‘ಪೈಎನ್ವ್’ ಮುಂತಾದ ಸಾಧನಗಳ ಗುಟ್ಟು ಇಷ್ಟೇ. ಇನ್ನು ಪ್ರತಿಯೊಂದು ಕಾರ್ಯಕ್ಕೂ ಅದರದೇ ಗ್ರಂಥಾಲಯಗಳ ಕೋಣೆಯನ್ನು ಕಟ್ಟಿಕೊಡುವ ಸೌಲಭ್ಯ 2012ರಲ್ಲಿ ಬಂದ 3.3ನೆಯ ಆವೃತ್ತಿಯಿಂದ ಪೈಥಾನಿನೊಳಗೇ ಇದೆ. ರಸಾಯನಶಾಲೆಯಲ್ಲಿ ಹತ್ತು ದ್ರಾವಣಗಳನ್ನು ಒಂದೇ ಪಾತ್ರೆಗೆ ಸುರಿಯುವವರುಂಟೆ? ಬೇರೆ ಬೇರೆ ಸೀಸೆಗಳಲ್ಲಿಟ್ಟು ಚೀಟಿಯಂಟಿಸುತ್ತೇವೆ. ಇದೂ ಹಾಗೆಯೇ.

ಎಲ್ಲರೂ ಹೊಸದೊಂದನ್ನೇ ಬಳಸಿದರೆ ಗೊಂದಲವಿಲ್ಲವೆಂಬ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಹಲವು ಆವೃತ್ತಿಗಳಿದ್ದರೆ ನೋಡಿಕೊಳ್ಳುವ ಶ್ರಮವೂ ಹಲವು ಪಟ್ಟು. ಆದರೆ ಗಣಿತವಿಭಾಗದ ಕ್ರಮವಿಧಿ ಹೊಸದಕ್ಕೆ ಸಿದ್ಧವಾಯಿತೆಂದು ಭೌತವಿಭಾಗದ ಎರಡು ವರ್ಷಗಳ ಲೆಕ್ಕವನ್ನು ಒಂದು ರಾತ್ರಿಯಲ್ಲಿ ಕೆಡಿಸುವುದು ನ್ಯಾಯವಲ್ಲ. ಹಾಗೆಂದು ಹಳೆಯದನ್ನು ಶಾಶ್ವತವಾಗಿ ಉಳಿಸಿಕೊಳ್ಳಬಹುದೆಂಬ ಸೋಮಾರಿತನಕ್ಕೂ ನನ್ನ ಒಪ್ಪಿಗೆಯಿಲ್ಲ. ಪೈಥಾನಿನ 2ನೆಯ ಆವೃತ್ತಿಗೆ ಮೊದಲು 2015ರ ಗಡುವಿತ್ತು. ಬಳಕೆದಾರರು ಬದಲಾಗಲು ತಡಮಾಡಿದುದರಿಂದ ಅದನ್ನು 2020ರ ಜನವರಿ 1ಕ್ಕೆ ಮುಂದೂಡಲಾಯಿತು. ಆ ಬಳಿಕ ಅದರಲ್ಲಿ ಕಂಡುಬರುವ ಭದ್ರತೆಯ ಬಿರುಕುಗಳನ್ನು ಅದರ ಕರ್ತೃಗಳು ಮುಚ್ಚುವುದಿಲ್ಲ. ಲೋಕಕ್ಕೆ ಬಾಗಿಲು ತೆರೆದಿರುವ ಸರ್ವರಿನಲ್ಲಿ ಅಂಥದನ್ನು ಇಟ್ಟುಕೊಳ್ಳುವುದು ಅವಧಿ ಮೀರಿದ ಔಷಧವನ್ನು ಕೊಟ್ಟಂತೆ. 2020ರಿಂದೀಚೆಗೆ ಪ್ರತಿ ಅಕ್ಟೋಬರಿನಲ್ಲಿ ಹೊಸ ಆವೃತ್ತಿಯೊಂದು ಬರುತ್ತಿದೆ. ಒಂದೊಂದರ ಆಯುಸ್ಸು ಸುಮಾರು 5 ವರ್ಷ. ಪದವಿಗೆ ಸೇರಿದ ವಿದ್ಯಾರ್ಥಿಯು ಹೊರಬರುವಷ್ಟರಲ್ಲಿ ಮೂರು ಆವೃತ್ತಿಗಳನ್ನಾದರೂ ಕಾಣುತ್ತಾನೆ. ಸಮಸ್ಯೆ ಒಮ್ಮೆ ಬಂದು ಹೋಗುವುದಲ್ಲ, ವರ್ಷವರ್ಷವೂ ಬರುವುದು.

ಆದುದರಿಂದ ಕಾಲೇಜಿನ ಸರ್ವರನ್ನು ನೋಡಿಕೊಳ್ಳುವವರು ಮೂರು ನಿಯಮಗಳನ್ನು ಪಾಲಿಸತಕ್ಕದ್ದು. ವ್ಯವಸ್ಥೆಯ ಪೈಥಾನನ್ನು ಮುಟ್ಟಬಾರದು. ಪ್ರತಿಯೊಂದು ಕಾರ್ಯಕ್ಕೂ ಅದರ ಆವೃತ್ತಿಯನ್ನೂ ಗ್ರಂಥಾಲಯಗಳನ್ನೂ ಪ್ರತ್ಯೇಕಿಸಿಡಬೇಕು. ಪ್ರತಿಯೊಂದು ಆವೃತ್ತಿಯ ನಿವೃತ್ತಿಯ ದಿನವನ್ನು ಮೊದಲೇ ಬರೆದು ಎಲ್ಲರಿಗೂ ತಿಳಿಸಬೇಕು. ವಿದ್ಯಾರ್ಥಿ ಮಿತ್ರರಿಗೆ ಉಳಿಯುವುದು ಒಂದೇ ಕೆಲಸ: ಪ್ರಯೋಗದ ಪುಸ್ತಕದಲ್ಲಿ ಉಷ್ಣತೆಯನ್ನೂ ದಿನಾಂಕವನ್ನೂ ಬರೆಯುವಂತೆ, ಲೆಕ್ಕ ನಡೆಸಿದ ಆವೃತ್ತಿಯ ಸಂಖ್ಯೆಯನ್ನೂ ಒಂದು ಸಾಲಿನಲ್ಲಿ ಬರೆಯಿರಿ. ನಿಮ್ಮ ಉತ್ತರವನ್ನು ಇನ್ನೊಬ್ಬರು ಮತ್ತೆ ಪಡೆದು ನೋಡಲು ಸಾಧ್ಯವಾದರೆ ಮಾತ್ರ ಅದು ವಿಜ್ಞಾನಕ್ಕೆ ಸಲ್ಲುತ್ತದೆ.