ಶಾಲೆಯ ಬಾಗಿಲಲ್ಲಿ ನಿಂತ ಪೋಷಕರು

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಮರುದಿನ ನಮ್ಮ ಮೊಹಲ್ಲಾಗಳಲ್ಲಿ ಒಂದು ವಿಚಿತ್ರ ವಿಚಾರಣೆ ನಡೆಯುತ್ತದೆ. ಪೋಷಕರು ಶಿಕ್ಷಕರನ್ನು ದೂರುತ್ತಾರೆ. ಶಿಕ್ಷಕರು ಪೋಷಕರ ಅನಕ್ಷರತೆಯನ್ನು ಎತ್ತಿ ಆಡುತ್ತಾರೆ. ಆಡಳಿತ ಮಂಡಳಿಯವರು ಸರಕಾರದತ್ತ ಬೆರಳು ತೋರಿಸಿದರೆ, ಇಲಾಖೆಯು ಮಕ್ಕಳ ಮೊಬೈಲ್ ಗೀಳಿನ ಮೇಲೆ ಎಲ್ಲವನ್ನೂ ಹೊರಿಸುತ್ತದೆ. ಇಲ್ಲಿ ಎಲ್ಲರೂ ಫಿರ್ಯಾದಿಗಳೇ. ಆರೋಪಿಯ ಸ್ಥಾನದಲ್ಲಿ ನಿಂತಿರುವವನು ಹದಿನೈದರ ಹುಡುಗನೊಬ್ಬನೇ.

ಕಳೆದ ಕೆಲವು ವರ್ಷಗಳ ಅಂಕಿಗಳನ್ನು ಗಮನಿಸಿ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಉತ್ತೀರ್ಣತೆ ಶೇ. 83.89. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಅಳವಡಿಸಿ ವೆಬ್‌ಕಾಸ್ಟಿಂಗ್ ಆರಂಭಿಸಿದ 2024ರಲ್ಲಿ, ಕೃಪಾಂಕವನ್ನು ಹೆಚ್ಚಿಸಿಯೂ ಅದು ಶೇ. 73.40ಕ್ಕೆ ಇಳಿಯಿತು. ಹೆಚ್ಚುವರಿ ಕೃಪಾಂಕವಿಲ್ಲದ 2025ರ ಮೊದಲ ಪರೀಕ್ಷೆಯಲ್ಲಿ ಶೇ. 66.14ಕ್ಕೆ ಬಂದು ನಿಂತಿತು. ಎರಡೇ ವರ್ಷಗಳಲ್ಲಿ ಕರ್ನಾಟಕದ ಮಕ್ಕಳು ಇಷ್ಟೊಂದು ದಡ್ಡರಾದರೇ? ಖಂಡಿತ ಇಲ್ಲ. ಅದಕ್ಕೂ ಮೊದಲು ನಮ್ಮ ಕೈಗೆ ಬರುತ್ತಿದ್ದ ಅಂಕಪಟ್ಟಿಗಳು ಪೂರ್ಣ ಸತ್ಯವನ್ನು ಹೇಳುತ್ತಿರಲಿಲ್ಲ, ಅಷ್ಟೆ. ಕಲಿಸದೇ ಇದ್ದುದನ್ನು ಪರೀಕ್ಷಾ ಕೊಠಡಿಯಲ್ಲಿ ಸರಿದೂಗಿಸುವ ವ್ಯವಸ್ಥೆಯೊಂದು ಎಲ್ಲರ ಮೌನ ಸಮ್ಮತಿಯೊಂದಿಗೆ ನಡೆದಿತ್ತು. ಆ ಎಲ್ಲರಲ್ಲಿ ಪೋಷಕರೂ ಇದ್ದರು. ಇದಕ್ಕೆ ಸರಕಾರ ಕಂಡುಕೊಂಡ ಉತ್ತರವಾದರೂ ಏನು? ಉತ್ತೀರ್ಣತೆಯ ಕನಿಷ್ಠ ಮಟ್ಟವನ್ನು ಶೇ. 35ರಿಂದ 33ಕ್ಕೆ ಇಳಿಸುವುದಾಗಿ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು.

ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ವಾಸಿಸುವ ನನ್ನಂಥ ಪೋಷಕನಿಗೆ ಈ ಅಂಕಿಗಳ ಅರ್ಥ ತಿಳಿಯಲು ತಜ್ಞರ ವರದಿ ಬೇಕಾಗಿಲ್ಲ. ಮಗುವಿನ ನೋಟ್ ಪುಸ್ತಕ ತೆರೆದರೆ ಸಾಕು. ನೆರೆಮನೆಯ ಗೃಹಿಣಿಯೊಬ್ಬರು ಒಮ್ಮೆ ತಮ್ಮ ಐದನೇ ತರಗತಿಯ ಮಗಳ ಗಣಿತದ ಪುಸ್ತಕವನ್ನು ತಂದು ತೋರಿಸಿದರು. ಪ್ರತಿ ಪುಟದಲ್ಲೂ ಕೆಂಪು ಶಾಯಿಯ ಅಂದವಾದ ಸರಿ ಗುರುತು. ಕೆಳಗೆ ದಿನಾಂಕ ಸಹಿತ ಸಹಿ. ನಾಲ್ಕು ಭಾಗಾಕಾರದ ಲೆಕ್ಕಗಳಲ್ಲಿ ಮೂರು ತಪ್ಪಾಗಿದ್ದವು. ಮೂರಕ್ಕೂ ಸರಿ ಗುರುತೇ! ಆ ಶಿಕ್ಷಕರು ಶಾಲೆಗೆ ಬಂದಿದ್ದರು, ಪುಸ್ತಕ ತೆರೆದಿದ್ದರು, ಸಹಿಯನ್ನೂ ಹಾಕಿದ್ದರು. ಹಾಜರಿ ಪುಸ್ತಕದ ದೃಷ್ಟಿಯಲ್ಲಿ ಅವರ ಕರ್ತವ್ಯ ಸಂಪೂರ್ಣ. ಮಗುವಿನ ದೃಷ್ಟಿಯಲ್ಲಿ ಅದು ಆರಂಭವೇ ಆಗಿರಲಿಲ್ಲ. ಬೀದಿಯ ಮೂಲೆಯ ಟ್ಯೂಷನ್ನಿಗೆ ತಿಂಗಳ ಹಣ ತೆತ್ತು ಆ ತಾಯಿ ಭಾಗಾಕಾರವನ್ನು ಎರಡನೇ ಬಾರಿ ಖರೀದಿಸುತ್ತಿದ್ದಾರೆ. ಗ್ಯಾರೇಜಿನ ದಿನಗೂಲಿ, ಮನೆಯಲ್ಲಿ ಸುತ್ತಿದ ಬೀಡಿಯ ಮಜೂರಿ ಎಷ್ಟು ಮನೆಗಳಲ್ಲಿ ಹೀಗೆ ಟ್ಯೂಷನ್ ಫೀಜಾಗಿ ಕರಗುತ್ತಿದೆಯೆಂಬುದನ್ನು ಯಾರೂ ಲೆಕ್ಕ ಹಾಕಿಲ್ಲ.

ಆದರೂ ಶಿಕ್ಷಕ ಸಮೂಹವನ್ನೇ ಸೋಮಾರಿಗಳೆಂದು ಹಳಿಯುವ ಮಾತನ್ನು ನಾನು ಒಪ್ಪಲಾರೆ. 2003ರಲ್ಲಿ ವಿಶ್ವ ಬ್ಯಾಂಕಿನ ಸಂಶೋಧಕರು ಮುನ್ಸೂಚನೆಯಿಲ್ಲದೆ ದೇಶದ ಸರಕಾರಿ ಪ್ರಾಥಮಿಕ ಶಾಲೆಗಳಿಗೆ ಭೇಟಿ ಕೊಟ್ಟಾಗ ನಾಲ್ವರಲ್ಲಿ ಒಬ್ಬ ಶಿಕ್ಷಕರು ಗೈರುಹಾಜರಾಗಿದ್ದರು. ಈ ಅಂಕಿ ಇಂದಿಗೂ ಭಾಷಣಗಳಲ್ಲಿ ಓಡಾಡುತ್ತಿದೆ. ಅಜೀಮ್ ಪ್ರೇಮ್‌ಜಿ ಪ್ರತಿಷ್ಠಾನವು ಆರು ರಾಜ್ಯಗಳ 619 ಶಾಲೆಗಳಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ಇನ್ನೊಂದು ಮುಖವನ್ನು ತೋರಿಸಿತು. ಅಲ್ಲಿ ಶಾಲೆಯಲ್ಲಿ ಇಲ್ಲದಿದ್ದ ಶಿಕ್ಷಕರು ಶೇ. 18.5ರಷ್ಟಿದ್ದರೂ, ಕಾರಣವಿಲ್ಲದೆ ತಪ್ಪಿಸಿಕೊಂಡವರು ಕೇವಲ ಶೇ. 2.5. ಉಳಿದವರು ರಜೆ, ತರಬೇತಿ, ಇಲಾಖೆಯ ಓಡಾಟಗಳಲ್ಲಿದ್ದರು. ಅಂದರೆ ಹೆಚ್ಚಿನ ಸಂದರ್ಭಗಳಲ್ಲಿ ಶಿಕ್ಷಕರನ್ನು ತರಗತಿಯಿಂದ ಹೊರಗೆಳೆಯುತ್ತಿರುವುದು ಅವರ ಮೈಗಳ್ಳತನವಲ್ಲ, ವ್ಯವಸ್ಥೆಯೇ.

2025ರ ದಸರೆಯನ್ನು ನೆನಪಿಸಿಕೊಳ್ಳಿ. ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಿಗದಿತ ಅವಧಿಯಲ್ಲಿ ಮುಗಿಯಲಿಲ್ಲವೆಂದು ಸರಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರ ತನಕ ವಿಸ್ತರಿಸಲಾಯಿತು. ಖಾಸಗಿ ಶಾಲೆಯ ಮಕ್ಕಳು ಪಾಠ ಕೇಳುತ್ತಿದ್ದ ದಿನಗಳಲ್ಲಿ ಬಡವರ ಮಕ್ಕಳು ಬೀದಿಯಲ್ಲಿದ್ದರು. ಅವರ ಶಿಕ್ಷಕರು ಮನೆಮನೆಯ ಬಾಗಿಲು ಬಡಿಯುತ್ತಿದ್ದರು. ಸಮೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಈ ಸಮುದಾಯದ ಸ್ಥಿತಿಗತಿ ಲೆಕ್ಕಕ್ಕೆ ಸಿಗಬೇಕಾದುದು ಅಗತ್ಯವೇ. ಆದರೆ 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೇ ಕಲಮು ಶಿಕ್ಷಕರನ್ನು ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗಳ ಹೊರತು ಬೋಧನೇತರ ಕೆಲಸಕ್ಕೆ ಹಚ್ಚಬಾರದೆನ್ನುತ್ತದೆ. ಈ ಸಮೀಕ್ಷೆ ಮೂರರಲ್ಲಿ ಯಾವುದಕ್ಕೆ ಸೇರುತ್ತದೆ? ನಮ್ಮ ಎಷ್ಟು ಪೋಷಕರು ಈ ಪ್ರಶ್ನೆಯನ್ನು ಎತ್ತಿದರು? ಶಿಕ್ಷಕರಿಂದ ಲೆಕ್ಕ ಕೇಳುವವರು ಅವರ ಸಮಯವನ್ನು ಕಸಿಯುವವರಿಂದಲೂ ಲೆಕ್ಕ ಕೇಳಬೇಕಾಗುತ್ತದೆ.

ಕೇಳುವ ಹಕ್ಕು ಪೋಷಕರಿಗೆ ಇದೆಯೇ ಎಂಬ ಸಂದೇಹ ಇನ್ನೂ ಹಲವರಲ್ಲಿದೆ. ಕರ್ನಾಟಕದಲ್ಲಿ ಈ ಹಕ್ಕು ಶಿಕ್ಷಣ ಹಕ್ಕು ಕಾಯಿದೆಗಿಂತಲೂ ಹಳೆಯದು. ಸರಕಾರಿ ಶಾಲೆಗಳ ಉಸ್ತುವಾರಿಯನ್ನು ಪೋಷಕರ ಕೈಗೆ ಕೊಡುವ ಎಸ್‌ಡಿಎಂಸಿಗಳು ಇಲ್ಲಿ ರೂಪುಗೊಂಡದ್ದು 2001ರಲ್ಲಿ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಕೇಂದ್ರ ಕಾಯಿದೆಯು ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಸ್ಥಾನಗಳಲ್ಲಿ ಮಹಿಳೆಯರಿರಬೇಕು ಎಂದು ವಿಧಿಸಿತು. 24ನೇ ಕಲಮಿನ ಪ್ರಕಾರ ಶಿಕ್ಷಕರು ಸಮಯಕ್ಕೆ ಸರಿಯಾಗಿ ಬರಬೇಕು, ಪಠ್ಯಕ್ರಮವನ್ನು ಪೂರ್ಣಗೊಳಿಸಬೇಕು, ಪ್ರತಿಯೊಂದು ಮಗುವಿನ ಕಲಿಕೆಯ ಮಟ್ಟವನ್ನು ಅಳೆದು ಅಗತ್ಯವಿದ್ದವರಿಗೆ ಹೆಚ್ಚಿನ ಪಾಠ ಮಾಡಬೇಕು, ಪೋಷಕರೊಂದಿಗೆ ನಿಯತವಾಗಿ ಸಭೆ ನಡೆಸಿ ಮಗುವಿನ ಪ್ರಗತಿಯನ್ನು ತಿಳಿಸಬೇಕು. 28ನೇ ಕಲಮು ಖಾಸಗಿ ಟ್ಯೂಷನ್ನನ್ನು ನಿಷೇಧಿಸುತ್ತದೆ. ಇವು ಉಪಕಾರಗಳಲ್ಲ, ಕಾನೂನು ವಿಧಿಸಿದ ಕರ್ತವ್ಯಗಳು.

ಆದರೆ ಆ ಸಮಿತಿಗಳಿಗೆ ನಾವು ಕೊಟ್ಟಿರುವ ಬೆಲೆಯೇನು? ಮಸೀದಿಯ ಆಡಳಿತ ಸಮಿತಿಯ ಚುನಾವಣೆ ಬಂದರೆ ಮೊಹಲ್ಲಾ ಎರಡು ಹೋಳಾಗುತ್ತದೆ. ಮುತವಲ್ಲಿ ಯಾರಾಗಬೇಕು, ಬಾಡಿಗೆಯ ಲೆಕ್ಕ ಎಲ್ಲಿ ಹೋಯಿತು ಎಂಬ ಚರ್ಚೆ ಇಶಾ ನಮಾಝಿನ ನಂತರ ನಡುರಾತ್ರಿಯ ತನಕ ಸಾಗುತ್ತದೆ. ಇದು ತಪ್ಪಲ್ಲ, ಲೆಕ್ಕ ಕೇಳುವ ಅಭ್ಯಾಸ ನಮಗಿದೆ ಎಂಬುದಕ್ಕೆ ಸಾಕ್ಷಿ. ಅದೇ ಬೀದಿಯ ಸರಕಾರಿ ಶಾಲೆಯ ಎಸ್‌ಡಿಎಂಸಿ ರಚನೆಯ ದಿನ ಮುಖ್ಯೋಪಾಧ್ಯಾಯಿನಿಯೇ ಮನೆಗೆ ಹೇಳಿಕಳುಹಿಸಿ ಜನರನ್ನು ಕರೆಸಿಕೊಳ್ಳುವ ಪರಿಸ್ಥಿತಿ. ಮಹಿಳಾ ಸದಸ್ಯೆಯ ಹೆಸರು ಕಾಗದದಲ್ಲಿ, ಸಭೆಗೆ ಬರುವವನು ಆಕೆಯ ಗಂಡ. ಮಗುವಿನ ಪುಸ್ತಕವನ್ನು ದಿನವೂ ತೆರೆದು ನೋಡುವವಳು ತಾಯಿಯೇ ಆಗಿರುವಾಗ ಆಕೆಯ ಬಾಯಿಯನ್ನು ಮುಚ್ಚಿಸಿ ಯಾವ ಉಸ್ತುವಾರಿ ನಡೆಸಲು ಸಾಧ್ಯ?

ಶಾಲೆಗೆ ಹೋಗುವ ಪೋಷಕರಲ್ಲೂ ಕೆಲವರ ಮಾರ್ಗ ಸರಿಯಿಲ್ಲ. ನಾಲ್ಕು ಮಂದಿಯನ್ನು ಕೂಡಿಸಿಕೊಂಡು ತರಗತಿಗೆ ನುಗ್ಗುವುದು, ಶಿಕ್ಷಕಿಯ ಮುಂದೆ ಮೊಬೈಲ್ ಹಿಡಿದು ಚಿತ್ರೀಕರಿಸಿ ವಾಟ್ಸಾಪಿನಲ್ಲಿ ಹರಿಬಿಡುವುದು ಲೆಕ್ಕ ಕೇಳುವ ಕ್ರಮವಲ್ಲ. ಮಕ್ಕಳ ಕಣ್ಣೆದುರು ಶಿಕ್ಷಕರ ಮಾನ ಕಳೆದ ಮೇಲೆ ಅದೇ ಶಿಕ್ಷಕರಿಂದ ಅದೇ ಮಕ್ಕಳು ಕಲಿಯುವುದೆಂತು? ಬಂಧುಗಳ ಮದುವೆಗೆಂದು ಮಗುವನ್ನು ಹತ್ತು ದಿನ ಶಾಲೆ ಬಿಡಿಸುವವರೂ, ರಮಝಾನಿನ ವ್ಯಾಪಾರಕ್ಕೆ ಮಗನನ್ನು ಅಂಗಡಿಯಲ್ಲಿ ಕೂರಿಸುವವರೂ ಪಠ್ಯ ಮುಗಿದಿಲ್ಲವೆಂದು ಕೂಗುವುದನ್ನು ನಾನು ಕಂಡಿದ್ದೇನೆ.

ಇಷ್ಟೆಲ್ಲ ಸರಕಾರಿ ಶಾಲೆಯ ಮಾತಾಯಿತು. ಇನ್ನು ಹೆಚ್ಚು ಮುಜುಗರದ ವಿಷಯಕ್ಕೆ ಬರೋಣ. ಸಮುದಾಯದ ಹೆಸರಿನಲ್ಲಿ ನಡೆಯುವ ನಮ್ಮದೇ ಶಾಲೆಗಳಲ್ಲಿ ಪೋಷಕರ ಸ್ಥಾನವೇನು? ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಅನ್ವಯಿಸದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2014ರಲ್ಲಿ ತೀರ್ಪಿತ್ತಿತು. 2025ರ ಸೆಪ್ಟೆಂಬರ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠವು ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ವಿಸ್ತೃತ ಪೀಠದ ಪರಿಶೀಲನೆಗಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಡುವಂತೆ ಸೂಚಿಸಿತು. ನಮ್ಮ ಸಂಸ್ಥೆಗಳ ಸ್ವಾಯತ್ತತೆ ಉಳಿಯಬೇಕೆಂಬುದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಆಡಳಿತ ನಡೆಸುವ ಹಕ್ಕಿನಲ್ಲಿ ದುರಾಡಳಿತ ನಡೆಸುವ ಹಕ್ಕು ಸೇರಿಲ್ಲವೆಂದು ಇದೇ ಸುಪ್ರೀಂ ಕೋರ್ಟ್ 1958ರಷ್ಟು ಹಿಂದೆಯೇ, ಕೇರಳ ಶಿಕ್ಷಣ ಮಸೂದೆಯ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಸಂವಿಧಾನದ 30ನೇ ವಿಧಿ ಸಮುದಾಯಕ್ಕೆ ದೊರೆತ ಹಕ್ಕು. ಅದನ್ನು ಕೆಲವೇ ಟ್ರಸ್ಟಿಗಳ ಕುಟುಂಬದ ಆಸ್ತಿಯೆಂಬಂತೆ ಬಳಸುವಾಗ ನಾವು ಸುಮ್ಮನಿರಬೇಕೇ?

ಇಂತಹ ಅನೇಕ ಶಾಲೆಗಳಲ್ಲಿ ಕಲಿಸುವವರು ನಮ್ಮದೇ ಮನೆಯ ಹೆಣ್ಣುಮಕ್ಕಳು. ಬಿ.ಎಡ್. ಮುಗಿಸಿ ಬಂದ ಅವರಿಗೆ ಬಟ್ಟೆಯಂಗಡಿಯ ಸೇಲ್ಸ್‌ಮನ್‌ಗಿಂತ ಕಡಿಮೆ ಸಂಬಳ. ಕೈಯಲ್ಲಿ ನೇಮಕಾತಿ ಪತ್ರವಿಲ್ಲ. ಪುಸ್ತಕದಲ್ಲಿ ಬರೆದ ಮೊತ್ತ ಒಂದು, ಕೈಗೆ ಬರುವ ಮೊತ್ತ ಇನ್ನೊಂದು ಎಂಬ ದೂರೂ ಹೊಸತಲ್ಲ. ಜೂನ್ ಬಂದಾಗ ಅರ್ಧದಷ್ಟು ಮುಖಗಳು ಬದಲಾಗಿರುತ್ತವೆ. ಏಪ್ರಿಲ್‌ನಲ್ಲಿ ಮಗುವಿನ ದೌರ್ಬಲ್ಯವನ್ನು ಅರಿತಿದ್ದ ಶಿಕ್ಷಕಿ ಈಗ ಇನ್ನೊಂದು ಶಾಲೆಯಲ್ಲಿ ಇನ್ನೊಂದು ತರಗತಿಯ ಹೆಸರು ಕಲಿಯುತ್ತಿರುತ್ತಾಳೆ. ಹೊಸ ಕಟ್ಟಡಕ್ಕೆ, ಉದ್ಘಾಟನೆಯ ಶಾಮಿಯಾನಕ್ಕೆ, ಬಿರಿಯಾನಿಗೆ ಹಣವಿರುವ ಸಂಸ್ಥೆಗೆ ಸಂಬಳಕ್ಕೆ ಮಾತ್ರ ಹಣವಿಲ್ಲ! ಇಂತಹ ಶಿಕ್ಷಕಿಯಿಂದ ಉತ್ತರದಾಯಿತ್ವವನ್ನು ಬಯಸುವ ಮುನ್ನ ಅವಳನ್ನು ಹಾಗೆ ನಡೆಸಿಕೊಳ್ಳುವವರನ್ನು ಕೇಳಬೇಕಾಗಿದೆ. ಶಾಲಾ ಶುಲ್ಕ ಕೊಡುವ ಪೋಷಕನಿಗೆ ಆ ಶುಲ್ಕದಲ್ಲಿ ಎಷ್ಟು ಪಾಲು ಶಿಕ್ಷಕರಿಗೆ ತಲುಪುತ್ತದೆ ಎಂದು ತಿಳಿಯುವ ಅಧಿಕಾರವಿಲ್ಲವೇ?

2006ರ ಸಾಚಾರ್ ವರದಿಯನ್ನು ನಾವು ಮೀಸಲಾತಿಯ ಚರ್ಚೆಯಲ್ಲಿ ಸಾಕಷ್ಟು ಉಲ್ಲೇಖಿಸಿದ್ದೇವೆ. ಅದರಲ್ಲಿದ್ದ ಇನ್ನೊಂದು ಸಂಗತಿ ಅಷ್ಟಾಗಿ ಚರ್ಚೆಯಾಗಲಿಲ್ಲ. ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಾಗಳಿಗೆ ಹೋಗುವವರು ಶೇ. 3ರಿಂದ 4ರಷ್ಟು ಮಾತ್ರ ಎಂದು ಅದು ಹೇಳಿತ್ತು. ಮದ್ರಸಾ ಸುಧಾರಣೆಯ ಬಗ್ಗೆ ದೇಶದಾದ್ಯಂತ ಎಷ್ಟೊಂದು ವಿಚಾರ ಸಂಕಿರಣಗಳು ನಡೆದವು! ಉಳಿದ ಬಹುಪಾಲು ಮಕ್ಕಳು ಕುಳಿತಿರುವ ಸಾಮಾನ್ಯ ಶಾಲೆಯ ತರಗತಿಯಲ್ಲಿ ಏನು ನಡೆಯುತ್ತಿದೆ ಎಂಬ ಬಗ್ಗೆ ಎಷ್ಟು ನಡೆದವು?

ಲಷ್ಕರ್ ಮೊಹಲ್ಲಾದ ನಾವು ಕೆಲವು ಪೋಷಕರು ಕೇಳಬೇಕೆಂದಿರುವುದು ದೊಡ್ಡದೇನೂ ಅಲ್ಲ. ಶಾಲೆ ಸರಕಾರದ್ದಿರಲಿ, ಟ್ರಸ್ಟಿನದ್ದಿರಲಿ, ಜೂನ್ ತಿಂಗಳ ಮೊದಲ ಸಭೆಯಲ್ಲೇ ವರ್ಷದ ಎಲ್ಲ ಪೋಷಕರ ಸಭೆಗಳ ದಿನಾಂಕಗಳನ್ನು ಗೋಡೆಗೆ ಅಂಟಿಸಬೇಕು. ಮನೆಗೆಲಸ ಮುಗಿಸಿ ತಾಯಂದಿರು ಬರಬಹುದಾದ ಹೊತ್ತಿನಲ್ಲಿ ಅವು ನಡೆಯಬೇಕು. ಯಾವ ವಿಷಯಕ್ಕೆ ಶಿಕ್ಷಕರಿಲ್ಲ, ಆ ಹುದ್ದೆ ಎಂದಿನಿಂದ ಖಾಲಿಯಿದೆ ಎಂಬುದನ್ನು ಬರೆದು ಹಾಕಬೇಕು. ಪ್ರತಿ ಮಗುವೂ ಪೋಷಕರ ಎದುರು ಒಂದು ಪುಟ ಓದಿ, ಒಂದು ಲೆಕ್ಕ ಮಾಡಿ ತೋರಿಸಬೇಕು. ಆ ಹೊತ್ತಿನಲ್ಲಿ ಶಿಕ್ಷಕರೂ ಪಕ್ಕದಲ್ಲಿರಬೇಕು, ತಮಗೆ ಬೇಕಾದುದನ್ನು ಅವರೂ ನಮ್ಮಿಂದ ಕೇಳಲಿ. ಟ್ರಸ್ಟಿನ ಶಾಲೆಗಳು ಇದರೊಂದಿಗೆ ಸಂಬಳದ ಪಟ್ಟಿಯನ್ನೂ ಪೋಷಕರ ಸಮಿತಿಯ ಮುಂದಿಡಬೇಕು. ಇದಕ್ಕೆ ಯಾವ ನ್ಯಾಯಪೀಠದ ಆದೇಶವೂ ಬೇಕಾಗಿಲ್ಲ, ಟ್ರಸ್ಟಿಗಳ ಒಂದು ಠರಾವು ಸಾಕು.